ಗರ್ಜಿಸುತ್ತದೆ, ಆದರೆ ಓಡದು!

ಎಂಜಿನ್ನಿನ ಅಬ್ಬರ ಚಕ್ರಕ್ಕೆ ತಲುಪದಿದ್ದಾಗ ದೋಷ ಎಲ್ಲಿರುತ್ತದೆ?

ಸೋಮೇಶ್ವರವನ್ನು ದಾಟಿದೊಡನೆ ರಸ್ತೆಯ ಇಕ್ಕೆಲಗಳಲ್ಲೂ ಕಾಡು ದಟ್ಟವಾಗುತ್ತದೆ. ಕರಾವಳಿಯ ಬಯಲು ಅಲ್ಲಿಗೆ ಮುಗಿದು, ಸಹ್ಯಾದ್ರಿಯ ಹಸಿರು ಗೋಡೆ ಎದುರಿಗೆ ಎದ್ದು ನಿಲ್ಲುತ್ತದೆ. ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಆ ಗೋಡೆಯನ್ನು ಏರಿದವರಿಗೇ, ಸಮುದ್ರಮಟ್ಟದಿಂದ ಸುಮಾರು ೬೪೦ ಮೀಟರ್ ಎತ್ತರದಲ್ಲಿರುವ ಆಗುಂಬೆಯ ದರ್ಶನ. ಮೋಟಾರಿನ ಆರೋಗ್ಯವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ನಿಷ್ಠುರವಾದ ಪರೀಕ್ಷಾಮಂದಿರ ಬೇರೆ ಬೇಕಿಲ್ಲ. ಬಯಲಿನಲ್ಲಿ ಮುಚ್ಚಿಟ್ಟುಕೊಂಡು ಬಂದ ರೋಗವೆಲ್ಲ ಇಲ್ಲಿ ಬಯಲಾಗುತ್ತದೆ.

ಅಂಥ ಒಂದು ಪಯಣವನ್ನು ಮಾದರಿಗೆಂದು ಕಣ್ಣಮುಂದೆ ತಂದುಕೊಳ್ಳಬಹುದು. ಕಾರು ಸಣ್ಣದು, ಹತ್ತು ವರ್ಷ ಸವೆದದ್ದು. ಚುಕ್ಕಾಣಿಯ ಮುಂದೆ ಮನೆಯ ಯಜಮಾನ. ಪಕ್ಕದಲ್ಲಿ ಹೆಂಡತಿ. ಹಿಂದೆ ವಯಸ್ಸಾದ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗಳು. ಉಡುಪಿಯಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿಕೊಂಡು ಶಿವಮೊಗ್ಗಕ್ಕೆ ಹಿಂದಿರುಗುತ್ತಿರುವ ಸಂಸಾರ. ಮಧ್ಯಾಹ್ನ ಮೂರು ಗಂಟೆಯ ಹೊತ್ತು; ಮೋಡ ಕವಿದಿದೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಮಗಳಿಗೆ ಪರೀಕ್ಷೆ.

ಮೊದಲನೆಯ ತಿರುವು ಹೇಗೋ ಕಳೆಯಿತು. ಎರಡನೆಯದರಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಯಜಮಾನ ಆಕ್ಸಿಲರೇಟರನ್ನು ಒತ್ತಿದಷ್ಟೂ ಎಂಜಿನ್ನು ಗರ್ಜಿಸಿತು. ಸುತ್ತುಗಳನ್ನು ತೋರಿಸುವ ಮುಳ್ಳು ಮೇಲಕ್ಕೆ ಹಾರಿತು. ಕಾರು ಮಾತ್ರ ದಣಿದ ಎತ್ತಿನಂತೆ ತೆವಳಿತು. ಇನ್ನೂ ಒತ್ತಿದ, ಇನ್ನೂ ಗರ್ಜಿಸಿತು. ಸುಟ್ಟ ಕಾಗದದಂತಹ, ಕಮಟು ವಾಸನೆಯೊಂದು ಒಳಗೆ ಹರಡಿತು.

“ಎಂಜಿನ್ನು ಶಕ್ತಿ ಕಳೆದುಕೊಂಡಿದೆ,” ಎಂದ ಯಜಮಾನ.

ಹಿಂದಿನ ಸೀಟಿನಿಂದ ಅಜ್ಜಿ ಮೆಲ್ಲನೆ ಹೇಳಿದರು: “ಶಕ್ತಿ ಇಲ್ಲದಿದ್ದರೆ ಇಷ್ಟು ಕೂಗುತ್ತದೆಯೇ? ಪಟ್ಟಿ ಸಡಿಲವಾದ ಹೊಲಿಗೆ ಯಂತ್ರದ ಹಾಗಿದೆಯಪ್ಪ ಇದು. ಕಾಲು ತುಳಿಯುತ್ತಲೇ ಇರುತ್ತದೆ, ಕೆಳಗಿನ ಗಾಲಿ ತಿರುಗುತ್ತಲೇ ಇರುತ್ತದೆ, ಸೂಜಿ ಮಾತ್ರ ಇಳಿಯುವುದಿಲ್ಲ.”

ಮೋಟಾರು ನಡೆಸುವುದನ್ನು ಎಂದೂ ಕಲಿಯದ ಆ ವೃದ್ಧೆಯ ಮಾತು ಅಕ್ಷರಶಃ ಸತ್ಯವಾಗಿತ್ತು.

ಎರಡು ತಟ್ಟೆಗಳ ನಡುವಣ ಸ್ನೇಹ

ಎಂಜಿನ್ನು ಒಮ್ಮೆ ಹೊತ್ತಿಕೊಂಡರೆ ತಿರುಗುತ್ತಲೇ ಇರಬೇಕು. ಚಕ್ರಗಳಾದರೋ ನಿಲ್ಲಬೇಕು, ಹೊರಡಬೇಕು, ನಿಧಾನವಾಗಬೇಕು, ವೇಗವಾಗಬೇಕು. ಸದಾ ತಿರುಗುವುದನ್ನು ಆಗಾಗ ನಿಲ್ಲುವುದರೊಡನೆ ಜೋಡಿಸುವ ಮತ್ತು ಬೇರ್ಪಡಿಸುವ ಮಧ್ಯವರ್ತಿಯೇ ಕ್ಲಚ್ಚು.

ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಉಕ್ಕಿನ ಗಾಲಿಯುಂಟು. ಅದರ ಮುಖ ನುಣುಪಾದದ್ದು. ಅದಕ್ಕೆದುರಾಗಿ ಊಟದ ತಟ್ಟೆಯಷ್ಟಗಲದ ಕ್ಲಚ್ ಪ್ಲೇಟು. ಇದರ ಎರಡು ಮುಖಗಳಿಗೂ ಒರಟಾದ ಘರ್ಷಣಪಟ್ಟಿಯನ್ನು ಜಡಿದಿರುತ್ತಾರೆ. ಗಿಯರ್ ಪೆಟ್ಟಿಗೆಯೊಳಕ್ಕೆ ಹೋಗುವ ದಂಡ ಈ ತಟ್ಟೆಯ ನಡುವಿನಲ್ಲಿ ಸಿಕ್ಕಿಕೊಂಡಿರುತ್ತದೆ. ತಟ್ಟೆಯ ಹಿಂದೆ ಮತ್ತೊಂದು ಉಕ್ಕಿನ ಬಳೆ, ಪ್ರೆಷರ್ ಪ್ಲೇಟು. ಬಲವಾದ ಸ್ಪ್ರಿಂಗೊಂದು ಈ ಬಳೆಯನ್ನು ಒತ್ತಿ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅಮುಕಿ ಹಿಡಿಯುತ್ತದೆ. ಎರಡು ಅಂಗೈಗಳ ನಡುವೆ ರೊಟ್ಟಿಯನ್ನು ಒತ್ತಿ ಹಿಡಿದಂತೆ! ಅಂಗೈ ತಿರುಗಿದರೆ ರೊಟ್ಟಿಯೂ ತಿರುಗಬೇಕು.

ಬಹಳ ಜನ ತಪ್ಪು ತಿಳಿಯುವ ಸಂಗತಿ ಇಲ್ಲಿಯೇ ಇದೆ. ಕ್ಲಚ್ ಪೆಡಲನ್ನು ತುಳಿದಾಗ ಜೋಡಣೆಯಾಗುವುದಿಲ್ಲ, ಬೇರ್ಪಡುತ್ತದೆ. ಪೆಡಲು ತುಳಿದರೆ ರಿಲೀಸ್ ಬೇರಿಂಗು ಮುಂದೆ ಸರಿದು ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ; ಅಮುಕುವ ಬಳೆ ಹಿಂದೆ ಸರಿಯುತ್ತದೆ; ಎಂಜಿನ್ನು ತನ್ನ ಪಾಡಿಗೆ ತಾನು ತಿರುಗುತ್ತದೆ. ಕಾಲನ್ನು ಪೂರ್ತಿ ತೆಗೆದಾಗ ಮಾತ್ರ ಹಿಡಿತ ಪೂರ್ಣ. ಅರ್ಧ ತುಳಿದರೆ ಅರ್ಧ ಹಿಡಿತ. ಕಾಲನ್ನು “ಸುಮ್ಮನೆ” ಪೆಡಲಿನ ಮೇಲೆ ಇರಿಸಿದರೂ ಹಿಡಿತ ಅಷ್ಟರಮಟ್ಟಿಗೆ ಸಡಿಲವೇ.

ಈ ಹಿಡಿತ ಪೂರ್ಣವಾಗಿರದೆ, ಫ್ಲೈವೀಲು ತಿರುಗುವ ವೇಗದಲ್ಲಿ ತಟ್ಟೆ ತಿರುಗದೆ ಹೋದರೆ, ಅದನ್ನೇ ಕ್ಲಚ್ಚು ಜಾರುವುದು ಎನ್ನುತ್ತಾರೆ. ಆಗ ಎಂಜಿನ್ನು ಕೂಗುತ್ತದೆ, ಕಾರು ಕೇಳಿಸಿಕೊಳ್ಳುವುದಿಲ್ಲ.

ಐದು ಇಸ್ತ್ರಿಪೆಟ್ಟಿಗೆಗಳ ಶಾಖ

ಗಿಯರಿನಲ್ಲಿರುವ ಕಾರಿನ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಬದಲಾಗದ ಒಂದು ಲೆಕ್ಕವಿದೆ. ನಾಲ್ಕನೆಯ ಗಿಯರಿನಲ್ಲಿ ನಿಮಿಷಕ್ಕೆ ೨,೦೦೦ ಸುತ್ತು ತಿರುಗುವಾಗ ಕಾರಿನ ವೇಗ ಗಂಟೆಗೆ ೫೦ ಕಿಲೋಮೀಟರ್ ಎಂದಿಟ್ಟುಕೊಂಡರೆ, ಅದೇ ಗಿಯರಿನಲ್ಲಿ ೩,೦೦೦ ಸುತ್ತಿಗೆ ವೇಗ ೭೫ ಆಗಲೇಬೇಕು. ಇದು ಮಗ್ಗಿಯಷ್ಟು ಖಚಿತ. ಮುಳ್ಳು ೩,೦೦೦ವನ್ನು ತೋರಿಸುತ್ತಿದ್ದು ವೇಗ ೬೦ರಲ್ಲೇ ನಿಂತಿದ್ದರೆ ಉಳಿದ ೧೫ ಎಲ್ಲಿ ಹೋಯಿತು? ಎಂಜಿನ್ನಿನ ಸುತ್ತುಗಳಲ್ಲಿ ಐದರಲ್ಲೊಂದು ಪಾಲು ದಾರಿಯಲ್ಲೇ ಕಳೆದುಹೋಗಿದೆ.

ಸುತ್ತು ಕಳೆದುಹೋಗಬಹುದು, ಶಕ್ತಿ ಕಳೆದುಹೋಗದು, ಅದು ಶಾಖವಾಗುತ್ತದೆ. ಆ ಘಳಿಗೆಯಲ್ಲಿ ಎಂಜಿನ್ನು ೨೫ ಕಿಲೋವಾಟ್ ಶಕ್ತಿಯನ್ನು ಕೊಡುತ್ತಿದ್ದರೆ ಅದರ ಐದನೆಯ ಒಂದು ಪಾಲು, ಅಂದರೆ ೫ ಕಿಲೋವಾಟ್, ಕ್ಲಚ್ಚಿನಲ್ಲಿ ಬೆಂಕಿಯಾಗುತ್ತದೆ. ಮನೆಯಲ್ಲಿ ಬಳಸುವ ೧,೦೦೦ ವಾಟಿನ ಇಸ್ತ್ರಿಪೆಟ್ಟಿಗೆಗಳನ್ನು ಐದು ಒಟ್ಟಿಗೆ ಕಾಯಿಸಿ, ಗಾಳಿಯಾಡದ ಲೋಹದ ಗೂಡಿನಲ್ಲಿ ಮುಚ್ಚಿಟ್ಟರೆ ಏನಾದೀತು? ಘರ್ಷಣಪಟ್ಟಿ ಸುಡುತ್ತದೆ, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ನುಣುಪಾದಷ್ಟೂ ಹೆಚ್ಚು ಜಾರುತ್ತದೆ, ಜಾರಿದಷ್ಟೂ ಹೆಚ್ಚು ಸುಡುತ್ತದೆ. ಕಾರಿನೊಳಗೆ ಹರಡಿದ ಕಮಟು ವಾಸನೆ ಈ ವಿಷವರ್ತುಲದ್ದೇ.

ಆದುದರಿಂದಲೇ, ಜಾರುವ ಕ್ಲಚ್ಚಿಗೆ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುವುದು ಜ್ವರದಲ್ಲಿರುವವನನ್ನು ಬಿಸಿಲಿನಲ್ಲಿ ಓಡಿಸಿದಂತೆ.

ಹಿಂತಿರುಗಿದ್ದೇ ಜಾಣತನ

ಮೂರನೆಯ ತಿರುವಿನ ಕೆಳಗೆ ಯಜಮಾನ ಒಂದು ಕ್ಷಣ ಯೋಚಿಸಿದ. ಮೇಲೆ ಇನ್ನೂ ಹನ್ನೆರಡು ತಿರುವುಗಳು. ಹಿಂದೆ ವಾಹನಗಳ ಸಾಲು. ಕಡಿದಾದ ತಿರುವಿನ ನಡುವೆ ಹಿಡಿತ ಪೂರ್ತಿ ತಪ್ಪಿದರೆ ಕಾರು ಮುಂದಕ್ಕೂ ಹೋಗದು. ಬ್ರೇಕು ಒಂದನ್ನೇ ನಂಬಿ ಇಳಿಜಾರಿನಲ್ಲಿ ನಿಲ್ಲಬೇಕು. ಮಳೆ ಹಿಡಿದರಂತೂ ಹೇಳುವುದೇ ಬೇಡ. “ಹೇಗೋ ಒಂದು ಸಲ ಹತ್ತಿಬಿಟ್ಟರಾಯಿತು” ಎಂಬ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಹೆಂಡತಿ ಅವನ ಮುಖ ನೋಡಿ, “ಬೇಡ” ಎಂದಷ್ಟೇ ಹೇಳಿದಳು.

ಅಗಲವಾದ ಜಾಗ ನೋಡಿ ಕಾರನ್ನು ಪಕ್ಕಕ್ಕೆ ತೆಗೆದು, ಎಂಜಿನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಚಕ್ರದ ಹಿಂದೆ ಕಲ್ಲಿಟ್ಟರು. ಅರ್ಧ ಗಂಟೆ ಆರಿದ ಮೇಲೆ ಎಂಜಿನ್ನನ್ನು ಮತ್ತೆ ಹೊತ್ತಿಸಿ, ಕಾರನ್ನು ತಿರುಗಿಸಿ, ಚಿಕ್ಕ ಗಿಯರಿನಲ್ಲಿ ಮೆಲ್ಲನೆ ಸೋಮೇಶ್ವರಕ್ಕೆ ಇಳಿದರು.

ದಾರಿಯಲ್ಲಿ ಸಿಕ್ಕಿಬಿದ್ದವರು ಮಾಡಬೇಕಾದದ್ದು ಇಷ್ಟೇ: ನಿಲ್ಲಿಸಿ ಆರಿಸುವುದು, ಭಾರ ಕಡಿಮೆ ಮಾಡುವುದು, ಆಕ್ಸಿಲರೇಟರನ್ನು ಹಗುರವಾಗಿ ಒತ್ತುತ್ತ ಸಮತಟ್ಟಾದ ದಾರಿ ಹಿಡಿಯುವುದು. ಇಳಿಯುವಾಗ ಯಾವ ಕಾರಣಕ್ಕೂ ಎಂಜಿನ್ನನ್ನು ನಿಲ್ಲಿಸಿ ಉರುಳಿಸಕೂಡದು. ಎಂಜಿನ್ನು ನಿಂತರೆ ಬ್ರೇಕಿನ ಸಹಾಯಕ ಬಲವೂ ಕುಂದುತ್ತದೆ, ಚುಕ್ಕಾಣಿಯೂ ಭಾರವಾಗುತ್ತದೆ.

ಬೆರಳ ತುದಿಯ ನಾಡಿಪರೀಕ್ಷೆ

ಸೋಮೇಶ್ವರದ ರಸ್ತೆಬದಿಯ ತಗಡಿನ ಷೆಡ್ಡಿನಲ್ಲಿ ನಡುವಯಸ್ಸಿನ ಮೇಸ್ತ್ರಿಯೊಬ್ಬ ಇದ್ದ. ಅವನು ಬಾನೆಟ್ಟನ್ನು ತೆರೆಯಲಿಲ್ಲ. ಬಗ್ಗಿ, ಕ್ಲಚ್ ಪೆಡಲನ್ನು ಒಂದೇ ಬೆರಳಿನಿಂದ ಒತ್ತಿ ನೋಡಿದ. ಸರಿಯಾದ ಪೆಡಲು ಮೊದಲ ಒಂದೆರಡು ಸೆಂಟಿಮೀಟರಿನಷ್ಟು ಬೆರಳಿಗೆ ಹಗುರವಾಗಿ ಬಗ್ಗುತ್ತದೆ. ಆಮೇಲಷ್ಟೇ ಸ್ಪ್ರಿಂಗಿನ ಭಾರ ತಗಲುತ್ತದೆ. ಇದನ್ನು ಪೆಡಲಿನ “ಪ್ಲೇ” ಎನ್ನುತ್ತಾರೆ. ನಿಖರವಾದ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಈ ಕಾರಿನಲ್ಲಿ ಆ ಹಗುರ ಚಲನೆ ಲವಲೇಶವೂ ಇರಲಿಲ್ಲ. ಬೆರಳು ಮುಟ್ಟಿದೊಡನೆ ಭಾರ!

ಅದರ ಅರ್ಥ ಸರಳ. ತಂತಿಯಿಂದ ಎಳೆಯುವ ಕ್ಲಚ್ಚಿನಲ್ಲಿ, ತಟ್ಟೆ ಸವೆದಂತೆಲ್ಲ ಅಮುಕುವ ಬಳೆ ಫ್ಲೈವೀಲಿನ ಕಡೆಗೆ ಸರಿಯುತ್ತದೆ; ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಚಾಚಿಕೊಳ್ಳುತ್ತವೆ. ನಡುವಣ ಬಿಡುವು ತಿಂಗಳು ತಿಂಗಳೂ ಕಿರಿದಾಗುತ್ತದೆ. ಕಾಲಕಾಲಕ್ಕೆ ತಂತಿಯ ತಿರುಪನ್ನು ಸಡಿಲಿಸಿ ಆ ಬಿಡುವನ್ನು ಮತ್ತೆ ಕೊಡಬೇಕು. ಕೊಡದಿದ್ದರೆ ಬೇರಿಂಗು ಸದಾ ಒತ್ತಿಕೊಂಡೇ ನಿಲ್ಲುತ್ತದೆ. ಯಾರೂ ತುಳಿಯದೆ ಇದ್ದರೂ ಅದೃಶ್ಯವಾದ ಕಾಲೊಂದು ಪೆಡಲನ್ನು ತುಳಿದೇ ಇದ್ದಂತೆ.

ಬಳಿಕ ಮೇಸ್ತ್ರಿ ಎರಡನೆಯ ಪರೀಕ್ಷೆಗೆ ಕೈಹಾಕಿದ. ಎಲ್ಲರನ್ನೂ ದೂರ ನಿಲ್ಲಿಸಿ, ಕಾರಿನ ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ನಾಲ್ಕು ಚಕ್ರಗಳಿಗೂ ತಡೆಗಲ್ಲಿಟ್ಟು, ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆದ. ಎಂಜಿನ್ನು ಹೊತ್ತಿಸಿ, ನಾಲ್ಕನೆಯ ಗಿಯರು ಹಾಕಿ, ಆಕ್ಸಿಲರೇಟರನ್ನು ಕೊಂಚವೇ ಒತ್ತಿ, ಕ್ಲಚ್ಚಿನಿಂದ ಕಾಲನ್ನು ಮೆಲ್ಲನೆ ತೆಗೆದ. ಕ್ಲಚ್ಚು ಆರೋಗ್ಯವಾಗಿದ್ದರೆ ಎಂಜಿನ್ನು ಕೂಡಲೇ ಗಕ್ಕನೆ ನಿಂತುಹೋಗಬೇಕು. ನಿಂತ ಚಕ್ರವನ್ನು ಅಷ್ಟು ದೊಡ್ಡ ಗಿಯರಿನಲ್ಲಿ ಅದು ತಿರುಗಿಸಲಾರದು. ಇಲ್ಲಿ ಎಂಜಿನ್ನು ನಿಲ್ಲಲಿಲ್ಲ. ಏನೂ ಆಗದಂತೆ ಗುನುಗುತ್ತ ತಿರುಗಿತು. ಮೇಸ್ತ್ರಿ ಒಡನೆಯೇ ನಿಲ್ಲಿಸಿದ. ಈ ಪರೀಕ್ಷೆಯನ್ನು ಒಂದು ಸಲಕ್ಕಿಂತ ಹೆಚ್ಚು ಮಾಡಬಾರದು. ಪರೀಕ್ಷೆಯೇ ತಟ್ಟೆಯನ್ನು ಸುಡುತ್ತದೆ.

ರೋಗನಿರ್ಣಯಕ್ಕೆ ಹಿಡಿದ ಕಾಲ ಹತ್ತು ನಿಮಿಷ. ಒಂದು ತಿಂಗಳ ಹಿಂದೆ ಊರಿನ ಗ್ಯಾರೇಜೊಂದರಲ್ಲಿ “ಕಾರು ಎಳೆಯುತ್ತಿಲ್ಲ” ಎಂದು ದೂರು ಕೊಟ್ಟಿದ್ದಾಗ ಸ್ಪಾರ್ಕ್ ಪ್ಲಗ್ಗುಗಳನ್ನೂ ಗಾಳಿ ಶೋಧಕವನ್ನೂ ಬದಲಾಯಿಸಿ ಬಿಲ್ಲು ಕೊಟ್ಟಿದ್ದರು. ಪೆಡಲನ್ನು ಬೆರಳಿನಿಂದ ಮುಟ್ಟಿ ನೋಡಿದವರು ಯಾರೂ ಇರಲಿಲ್ಲ.

ಒಂದೇ ಲಕ್ಷಣ, ಹಲವು ರೋಗ

“ಎಳೆಯುತ್ತಿಲ್ಲ” ಎಂಬ ಒಂದು ಮಾತಿನಲ್ಲಿ ಹಲವು ರೋಗಗಳು ಅಡಗಿರುತ್ತವೆ. ಅವನ್ನು ಬಿಡಿಸಿ ನೋಡುವುದಕ್ಕೆ ಮೇಸ್ತ್ರಿಯೇ ಆಗಬೇಕಿಲ್ಲ. ಕಿವಿ, ಕಣ್ಣು, ಮೂಗುಗಳಿದ್ದರೆ ಸಾಕು.

ಆಕ್ಸಿಲರೇಟರು ಒತ್ತಿದಾಗ ಎಂಜಿನ್ನಿನ ಸದ್ದೂ ಏರದೆ, ಕಾರೂ ಓಡದೆ ಇದ್ದರೆ ದೋಷ ಎಂಜಿನ್ನಿನದು: ಇಂಧನದ ಸೋಸುಕ ಕಟ್ಟಿರಬಹುದು, ಗಾಳಿಯ ದಾರಿ ಮುಚ್ಚಿರಬಹುದು, ಕಿಡಿ ಸರಿಯಾಗಿ ಹಾರದಿರಬಹುದು. ಎಂಜಿನ್ನು ಉಬ್ಬಸಪಡುತ್ತಿದ್ದು ಚಕ್ರದ ಬಳಿ ವಿಪರೀತ ಬಿಸಿ ಇದ್ದರೆ ಬ್ರೇಕು ಕಚ್ಚಿಕೊಂಡಿರುತ್ತದೆ.

ಸದ್ದು ಏರಿ, ವೇಗದ ಮುಳ್ಳೂ ಏರಿ, ಕಾರು ಮಾತ್ರ ನಿಂತಲ್ಲೇ ಇದ್ದರೆ ಚಕ್ರ ಕೆಸರಿನಲ್ಲಿ ಸುತ್ತುತ್ತಿದೆ. ಅಥವಾ ಚಕ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡವೇ ಮುರಿದಿರಬಹುದು. ದಂಡ ಮುರಿದಾಗ ಸುಟ್ಟ ವಾಸನೆ ಇರುವುದಿಲ್ಲ, ಕಟಕಟ ಸದ್ದಿರಬಹುದು. ಗಿಯರಿನಲ್ಲಿಟ್ಟು ನಿಲ್ಲಿಸಿದ ಕಾರನ್ನೂ ಸುಲಭವಾಗಿ ತಳ್ಳಬಹುದು.

ಸದ್ದು ಏರಿ, ವೇಗ ಏರದೆ, ಕಮಟು ವಾಸನೆ ಇದ್ದರೆ ಕ್ಲಚ್ಚು. ಇದು ಮೊದಲು ಕಾಣಿಸಿಕೊಳ್ಳುವುದು ದೊಡ್ಡ ಗಿಯರಿನಲ್ಲಿ, ಏರಿನಲ್ಲಿ, ಮುಂದಿನ ವಾಹನವನ್ನು ಹಿಂದಿಕ್ಕುವಾಗ. ದೊಡ್ಡ ಗಿಯರಿನಲ್ಲಿ ಚಕ್ರದ ಭಾರ ಕ್ಲಚ್ಚಿನ ಮೇಲೆ ಹೆಚ್ಚಾಗಿ ಬೀಳುತ್ತದೆ. ದುರ್ಬಲವಾದ ಹಿಡಿತ ಅಲ್ಲಿಯೇ ಮೊದಲು ಸೋಲುತ್ತದೆ. ಆ ಹೊತ್ತಿಗೆ ಚಿಕ್ಕ ಗಿಯರುಗಳಲ್ಲಿ ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. ಆದುದರಿಂದ ಬಹಳ ಜನ ಅದನ್ನು ಲೆಕ್ಕಿಸುವುದಿಲ್ಲ. ಪೆಡಲಿನಿಂದ ಕಾಲನ್ನು ಬಹಳ ಮೇಲಕ್ಕೆ ತೆಗೆದ ಮೇಲಷ್ಟೇ ಕಾರು ಹೊರಡುವುದೂ ತಟ್ಟೆ ಸವೆದುದರ ಸೂಚನೆ.

ಕ್ಲಚ್ ಪೆಡಲೇ ಇಲ್ಲದ ಕಾರುಗಳ ನ್ಯಾಯ ಬೇರೆ. ದ್ರವದ ಒತ್ತಡದಿಂದ ಗಿಯರು ಬದಲಿಸುವ ಸ್ವಯಂಚಾಲಿತ ಕಾರಿನಲ್ಲಿ ಇದೇ ಲಕ್ಷಣ ಕಂಡರೆ ಮೊದಲು ನೋಡಬೇಕಾದದ್ದು ಗಿಯರ್ ಪೆಟ್ಟಿಗೆಯ ಎಣ್ಣೆಯನ್ನು. ಅದು ಕಡಿಮೆಯಾಗಿದೆಯೇ, ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆಯೇ ಎಂಬುದು ಮುಖ್ಯ. ಪಟ್ಟಿಯ ಮೇಲೆ ನಡೆಯುವ ಸಿ.ವಿ.ಟಿ. ಕಾರುಗಳಲ್ಲಿ ಎಂಜಿನ್ನಿನ ಸದ್ದು ಮೊದಲು ಏರಿ ವೇಗ ಆಮೇಲೆ ಬರುವುದು ಸ್ವಭಾವ, ಅದೊಂದೇ ದೋಷವಲ್ಲ. ಭಾರತದಲ್ಲಿ ೨೦೧೪ರಿಂದೀಚೆಗೆ ಸಣ್ಣ ಕಾರುಗಳಿಗೂ ಬಂದ ಎ.ಎಂ.ಟಿ. ವ್ಯವಸ್ಥೆಯಲ್ಲಾದರೋ ಒಳಗಿರುವುದು ಇದೇ ಹಳೆಯ ಕ್ಲಚ್ಚು. ತುಳಿಯುವ ಕಾಲಿಗೆ ಬದಲಾಗಿ ಯಂತ್ರವೊಂದು ಅದನ್ನು ನಡೆಸುತ್ತದೆ. ಏರಿನಲ್ಲಿ ಬ್ರೇಕು ಹಿಡಿಯದೆ ಆಕ್ಸಿಲರೇಟರಿನಿಂದಲೇ ಕಾರನ್ನು ನಿಲ್ಲಿಸಿಕೊಳ್ಳುವವರು ಆ ಕ್ಲಚ್ಚನ್ನೂ ಸುಡಬಲ್ಲರು.

ತೊಗಲಿನಿಂದ ತಟ್ಟೆಯವರೆಗೆ

ಜಾರುವ ಹಿಡಿತದೊಡನೆ ಮನುಷ್ಯನ ಹೋರಾಟ ಮೋಟಾರಿನಷ್ಟೇ ಹಳೆಯದು. ಕಾರ್ಲ್ ಬೆಂಝ್ ೧೮೮೬ರಲ್ಲಿ ಸನ್ನದು ಪಡೆದ ಮೊದಲ ಮೋಟಾರು ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಮುಂದೆ ಸಾಗುತ್ತಿದ್ದುದು ತೊಗಲಿನ ಪಟ್ಟಿಯಿಂದ. ೧೮೮೮ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ಟಾ ಬೆಂಝ್ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಗಂಡನಿಗೆ ತಿಳಿಸದೆ, ಜರ್ಮನಿಯ ಮಾನ್‌ಹೈಮ್ ನಗರದಿಂದ ಫೋರ್ಟ್ಸ್‌ಹೈಮಿನ ತವರಿಗೆ ಆ ಗಾಡಿಯಲ್ಲೇ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಏರು ಬಂದಾಗ ಇಳಿದು ತಳ್ಳಬೇಕಾಯಿತು. ಬ್ರೇಕಿನ ಮರದ ದಿಮ್ಮಿ ಸವೆದಾಗ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಏರಿಗೆಂದು ಇನ್ನೊಂದು ಗಿಯರು ಬೇಕೆಂಬುದು ಆ ಪಯಣದ ಪಾಠಗಳಲ್ಲೊಂದು. ಆಗುಂಬೆಯ ಬುಡದಲ್ಲಿ ಅಜ್ಜಿ ಹೇಳಿದ ಮಾತಿಗೆ ಹೀಗೆ ಹಿರಿಯಳೊಬ್ಬಳ ಪರಂಪರೆಯೇ ಉಂಟು!

ಮುಂದೆ ಬಂದ ಶಂಕುವಿನಾಕಾರದ ಕ್ಲಚ್ಚುಗಳಿಗೂ ತೊಗಲೇ ಹೊದಿಕೆ. ತೊಗಲಿಗೆ ಎಣ್ಣೆ ಸೋಕಿ ಜಾರತೊಡಗಿದಾಗ ಅಂದಿನ ಸಾರಥಿಗಳು ಅದರ ಮೇಲೆ ಉದುರಿಸುತ್ತಿದ್ದುದು ಎಣ್ಣೆ ಹೀರುವ ಒಂದು ಜೇಡಿಯ ಪುಡಿಯನ್ನು. ನಮ್ಮ ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯೇ ಅದು. ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ೧೮೯೭ರಲ್ಲಿ ಘರ್ಷಣಪಟ್ಟಿಗಳ ತಯಾರಿಕೆಯನ್ನು ಆರಂಭಿಸಿದ. ಆಮೇಲೆ ಬಹುಕಾಲ ಈ ಪಟ್ಟಿಗಳಿಗೆ ಕಲ್ನಾರನ್ನು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಸ್ಥಿರಪಟ್ಟ ಮೇಲೆ ಅನೇಕ ದೇಶಗಳು ಅದನ್ನು ನಿಷೇಧಿಸಿವೆ. ಹಳೆಯ ಕ್ಲಚ್ಚನ್ನು ಬಿಚ್ಚಿದಾಗ ಅದರ ಧೂಳನ್ನು ಗಾಳಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು ಎಂಬ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ.

ಚಿಕಿತ್ಸೆ

ಮೇಸ್ತ್ರಿ ತಂತಿಯ ತಿರುಪನ್ನು ಸಡಿಲಿಸಿ ಪೆಡಲಿಗೆ ಬಿಡುವು ಕೊಟ್ಟ. ಕಾರಿನ ಹಿಡಿತ ಬಹುಮಟ್ಟಿಗೆ ಮರಳಿತು. ಆದರೆ ಅವನು ಸುಳ್ಳು ಭರವಸೆ ಕೊಡಲಿಲ್ಲ. “ಆರು ತಿಂಗಳ ಹಿಂದೆ ಇಷ್ಟು ಮಾಡಿದ್ದರೆ ಸಾಕಿತ್ತು. ಈಗ ಪ್ಲೇಟು ಸುಟ್ಟಿದೆ. ಬಯಲಿನಲ್ಲಿ ಹೋದೀತು. ಘಾಟಿ ಹತ್ತುವುದು ಬೇಡ.”

ಅಜ್ಜಿ, ಸೊಸೆ, ಮೊಮ್ಮಗಳು ಸಂಜೆಯ ಬಸ್ಸು ಹತ್ತಿದರು. ಪರೀಕ್ಷೆಗೆ ತೊಡಕಾಗಲಿಲ್ಲ. ಯಜಮಾನ ಮಾತ್ರ ಕಾರಿನೊಡನೆ ಉಳಿದು, ಅದನ್ನು ಮೆಲ್ಲನೆ ಉಡುಪಿಗೆ ಹಿಂದಕ್ಕೊಯ್ದು ಕೆಲಸಕ್ಕೆ ಬಿಟ್ಟ.

ಕ್ಲಚ್ಚನ್ನು ಬದಲಾಯಿಸುವುದರಲ್ಲಿ ಸಾಮಗ್ರಿಗಿಂತ ಶ್ರಮ ದೊಡ್ಡದು. ಗಿಯರ್ ಪೆಟ್ಟಿಗೆಯನ್ನೇ ಕೆಳಗಿಳಿಸಬೇಕು. ಆದುದರಿಂದ ಬಲ್ಲ ಮೇಸ್ತ್ರಿಗಳು ತಟ್ಟೆ, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೇ ಬದಲಿಸುತ್ತಾರೆ. ತಟ್ಟೆಯೊಂದನ್ನೇ ಹಾಕಿ, ಆರು ತಿಂಗಳಿಗೆ ಬೇರಿಂಗು ಕೆಟ್ಟರೆ ಶ್ರಮವೆಲ್ಲ ಮತ್ತೆ ಮೊದಲಿನಿಂದ.

ಕಾರಿನ ಒಡೆಯ ಈ ಹೊತ್ತಿನಲ್ಲಿ ಗ್ಯಾರೇಜಿನಲ್ಲಿದ್ದು ಕೆಲವು ಸಂಗತಿಗಳನ್ನು ಕಣ್ಣಾರೆ ನೋಡುವುದು ಲೇಸು. ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆಗಳಿದ್ದರೆ ವಿಪರೀತ ಕಾದಿದೆ ಎಂದರ್ಥ. ಆಳವಾದ ಗೆರೆ ಅಥವಾ ಬಿರುಕಿದ್ದರೆ ಅದನ್ನು ತಿದ್ದಿಸಬೇಕು, ಇಲ್ಲವೇ ಬದಲಿಸಬೇಕು. ತಟ್ಟೆ ಎಣ್ಣೆಯಿಂದ ನೆನೆದಿದ್ದರೆ ಸವೆತಕ್ಕಿಂತ ದೊಡ್ಡ ಕಾರಣ ಬೇರೆಡೆ ಇದೆ. ಎಂಜಿನ್ನಿನ ಹಿಂಬದಿಯ ಸೀಲಿನಿಂದಲೋ ಗಿಯರ್ ಪೆಟ್ಟಿಗೆಯ ಮುಂಬದಿಯ ಸೀಲಿನಿಂದಲೋ ಎಣ್ಣೆ ಸೋರುತ್ತಿದೆ. ಸೋರುವ ಸೀಲನ್ನು ಹಾಗೆಯೇ ಬಿಟ್ಟು ಹೊಸ ತಟ್ಟೆ ಹಾಕುವುದೆಂದರೆ ಸೋರುವ ಮಾಡಿನ ಕೆಳಗೆ ಹೊಸ ಹಾಸಿಗೆ ಹಾಸಿದಂತೆ. ಎಣ್ಣೆ ಹೀರಿದ ತಟ್ಟೆಯನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುತ್ತೇನೆಂಬ ಮಾತನ್ನೂ ಒಪ್ಪಬಾರದು. ಒಳಗಿಳಿದ ಎಣ್ಣೆ ಕಾದಾಗ ಮತ್ತೆ ಹೊರಬರುತ್ತದೆ.

ತಂತಿಯ ಬದಲು ದ್ರವದ ಒತ್ತಡದಿಂದ ನಡೆಯುವ ಕ್ಲಚ್ಚುಗಳಲ್ಲಿ ಸಾಮಾನ್ಯವಾಗಿ ಸವೆತಕ್ಕೆ ತಕ್ಕಂತೆ ಹೊಂದಾಣಿಕೆ ತಾನಾಗಿಯೇ ನಡೆಯುತ್ತದೆ. ಆದರೆ ಮಾಸ್ಟರ್ ಸಿಲಿಂಡರಿನಲ್ಲಿ ದ್ರವ ಹಿಂದಿರುಗುವ ರಂಧ್ರ ಕಟ್ಟಿಕೊಂಡರೆ ಅಲ್ಲಿಯೂ ಒತ್ತಡ ಉಳಿದು ಕ್ಲಚ್ಚು ಜಾರಬಹುದು. ತಟ್ಟೆ ಬದಲಿಸುವ ಮೊದಲು ಅದನ್ನೂ ನೋಡಬೇಕು.

ಹೊಸ ಕ್ಲಚ್ಚು ಕೂತ ಮೇಲೆ ಕೆಲವು ನೂರು ಕಿಲೋಮೀಟರುಗಳವರೆಗೆ ಅದನ್ನು ನಯವಾಗಿ ನಡೆಸಬೇಕು. ಹೊಸ ಪಟ್ಟಿ ಫ್ಲೈವೀಲಿನ ಮುಖಕ್ಕೆ ಒಗ್ಗಿಕೊಳ್ಳುವವರೆಗೆ ಭಾರವೂ ಬೇಡ, ಅವಸರವೂ ಬೇಡ.

ಸವೆದ ರಬ್ಬರಿನ ಸಾಕ್ಷಿ

ಉಡುಪಿಯಲ್ಲಿ ಕೆಲಸ ಮುಗಿದ ದಿನ, ಕ್ಲಚ್ಚು ಸುಟ್ಟದ್ದೇಕೆ ಎಂದು ಯಜಮಾನ ಕೇಳಿದ. ಅಲ್ಲಿಯ ಮೇಸ್ತ್ರಿ ಉತ್ತರ ಹೇಳಲಿಲ್ಲ, ಪೆಡಲುಗಳನ್ನು ತೋರಿಸಿದ. ಬ್ರೇಕಿನ ರಬ್ಬರಿನ ಗೆರೆಗಳು ಇನ್ನೂ ಸ್ಪಷ್ಟವಾಗಿದ್ದವು. ಕ್ಲಚ್ಚಿನ ರಬ್ಬರು ಒಂದು ಮಗ್ಗುಲಲ್ಲಿ ಸವೆದು ಕನ್ನಡಿಯಂತಾಗಿತ್ತು. ಎಡಗಾಲಿನ ಹೆಬ್ಬೆರಳಿನ ಜಾಗವೂ ಅದರಲ್ಲಿ ಮೂಡಿತ್ತು.

ಇಪ್ಪತ್ತು ವರ್ಷ ಕಾರು ನಡೆಸಿದವನು ಆತ. ಗಿಯರು ಬದಲಿಸಿದ ಮೇಲೂ ಎಡಗಾಲನ್ನು ಪೆಡಲಿನ ಮೇಲೆಯೇ ಇರಿಸಿಕೊಳ್ಳುವುದು ಅವನಿಗೆ ತಿಳಿಯದೆಯೇ ಬಂದ ಅಭ್ಯಾಸ. ಸಿಗ್ನಲಿನಲ್ಲಿ ನಿಂತಾಗ ಗಿಯರು ಹಾಕಿಕೊಂಡೇ ಕ್ಲಚ್ಚು ತುಳಿದಿರುವುದು, ಏರಿನ ವಾಹನಸಾಲಿನಲ್ಲಿ ಬ್ರೇಕಿಗೆ ಬದಲು ಅರ್ಧ ಕ್ಲಚ್ಚಿನಲ್ಲಿ ಕಾರನ್ನು ತೂಗಾಡಿಸುವುದು—ಇವನ್ನೆಲ್ಲ ಅವನು ತನ್ನ ಚಾತುರ್ಯವೆಂದೇ ತಿಳಿದಿದ್ದ. ಸುಟ್ಟ ತಟ್ಟೆಯನ್ನು ಕೈಯಲ್ಲಿ ಹಿಡಿದು ಅವನು ಬಹಳ ಹೊತ್ತು ನೋಡಿದ.

ಕ್ಲಚ್ಚಿನ ಆಯುಸ್ಸಿಗೆ ಇಷ್ಟು ಕಿಲೋಮೀಟರ್ ಎಂಬ ಕಟ್ಟುಪಾಡಿಲ್ಲ. ಒಂದೇ ಬಗೆಯ ಎರಡು ಕಾರುಗಳಲ್ಲಿ ಒಂದರ ಕ್ಲಚ್ಚು ಇನ್ನೊಂದರದಕ್ಕಿಂತ ಹಲವು ಪಟ್ಟು ಬಾಳಬಹುದು. ವ್ಯತ್ಯಾಸ ಲೋಹದಲ್ಲಿಲ್ಲ, ಎಡಗಾಲಿನಲ್ಲಿದೆ. ಗಿಯರು ಬದಲಿಸಿದೊಡನೆ ಕಾಲನ್ನು ನೆಲಕ್ಕಿಡುವುದು; ನಿಂತಾಗ ಗಿಯರನ್ನು ಬಿಡಿಸುವುದು; ಏರಿನಲ್ಲಿ ಹ್ಯಾಂಡ್‌ಬ್ರೇಕನ್ನು ನೆಚ್ಚುವುದು; ವಾಡಿಕೆಯ ತಪಾಸಣೆಯ ದಿನ ಪೆಡಲಿನ ಬಿಡುವನ್ನು ಅಳೆಯಿಸುವುದು. ಇವು ನಾಲ್ಕೇ ನಿಯಮಗಳು. ಯಾವುದಕ್ಕೂ ಕಾಸು ಬೇಕಿಲ್ಲ.

ವಿದ್ಯುತ್ ಕಾರುಗಳಿಗೆ ಕ್ಲಚ್ ಪೆಡಲಿನ ಹಂಗಿಲ್ಲ. ಮೋಟಾರು ನಿಂತಲ್ಲಿಂದಲೇ ಚಕ್ರವನ್ನು ಎಳೆಯಬಲ್ಲುದು. ಅವು ಹೆಚ್ಚಿದಂತೆ ಈ ರೋಗದ ಹೆಸರೂ ಅಪರೂಪವಾದೀತು. ಅಲ್ಲಿಯವರೆಗೆ ಮನೆಮನೆಯ ಹಳೆಯ ಕಾರುಗಳು ಘಾಟಿಗಳನ್ನು ಹತ್ತುತ್ತಲೇ ಇರುತ್ತವೆ.

ಪರೀಕ್ಷೆಗಳು ಮುಗಿದ ಮೇಲೆ ಮಗಳು ಕಾರು ಕಲಿಯತೊಡಗಿದಳು. ಶಿವಮೊಗ್ಗದ ಹೊರವಲಯದ ಮೈದಾನದಲ್ಲಿ ಅವಳು ಎರಡನೆಯ ಗಿಯರು ಹಾಕಿ ಹೆಮ್ಮೆಯಿಂದ ತಂದೆಯ ಮುಖ ನೋಡಿದಾಗ, ಆತ ನೋಡುತ್ತಿದ್ದುದು ಅವಳ ಕೈಯನ್ನಲ್ಲ, ಕಾಲನ್ನು.

“ಎಡಗಾಲು ಕೆಳಗೆ,” ಎಂದ.

ಹಿಂದಿನ ಸೀಟಿನಿಂದ ಅಜ್ಜಿ ನಕ್ಕರು: “ಯಾರಿಗೆ ಹೇಳುತ್ತಿದ್ದೀಯೆ, ಅವಳಿಗೋ, ನಿನಗೋ?”